ಹೇಳಿಕೆಯ ಸಂಜೀವಣ್ಣ

ಸಂಜೀವಣ್ಣ ಒಂದೇ ದಿನದಲ್ಲಿ ಹದಿನೇಳು ಮನೆಗಳ ಶರಬತ್ತು ಕುಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹದಿನೆಂಟನೆಯ ಮನೆಯಲ್ಲಿ ಚಾ ತಂದರು, ಅದನ್ನೂ ಕುಡಿದರು. ದೊಡ್ಡಪ್ಪನ ಮಗಳ ಮದುವೆಗೆ ಕರೆಯಲು ಹೊರಟ ದಿನ ಅದು. ನಾನು ನಾಲ್ಕನೆಯ ಮನೆಗೇ ಹೊಟ್ಟೆ ಹಿಡಿದುಕೊಂಡು, ಆಮೇಲೆ ಕಾರಿನಲ್ಲೇ ಉಳಿದು ಕಿಟಕಿಯಿಂದ ಜಗಲಿ ನೋಡುತ್ತ ಕೂತಿದ್ದೆ. ಅವರು ಮಾತ್ರ ಪ್ರತಿ ಮನೆಯಲ್ಲೂ ಅದೇ ದಿನದ ಮೊದಲ ಲೋಟವೆಂಬಂತೆ ತಳದ ಸಕ್ಕರೆಯವರೆಗೂ ಕುಡಿದು, ಲೋಟವನ್ನು ಮನೆಯಾಕೆಯ ಕೈಗೇ ಕೊಟ್ಟು ಏಳುತ್ತಿದ್ದರು. "ಹೇಳ್ಲಿಕ್ಕೆ ಹೋದವ ಕುಡಿಯದೆ ಎದ್ರೆ, ಹೇಳಿದ್ದು ಅಲ್ಲೇ ಜಗಲಿಯಲ್ಲಿ ಬಿದ್ದಿರ್ತದೆ" ಎನ್ನುವುದು ಅವರ ಮಾತು.

ನಮ್ಮ ಕಡೆ ಹೇಳಿಕೆ ಎಂದರೆ ಹಾಗೆ. ಮನೆಗೆ ಹೋಗಬೇಕು, ಕೂರಬೇಕು, ಹಿರಿಯರ ಮುಖ ನೋಡಿ "ಬರಬೇಕು" ಎಂದು ಬಾಯಿಬಿಟ್ಟು ಕರೆಯಬೇಕು. ಅಚ್ಚು ಹಾಕಿಸಿದ ಆಮಂತ್ರಣದ ಕಾಗದ ಆಮೇಲಿನದು. ಈ ಕೆಲಸಕ್ಕೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಯ ನಡುವೆ ಸಂಜೀವಣ್ಣನನ್ನು ಮೀರಿಸಿದವರಿರಲಿಲ್ಲ. ನರಿಕೊಂಬಿನವರು. ಮೂವತ್ತು ವರ್ಷ ಇದೇ ಮೂರು ಊರುಗಳ ನಡುವಿನ ಬಸ್ಸುಗಳಲ್ಲಿ ಕಂಡಕ್ಟರಾಗಿದ್ದರು. ಯಾವ ಗೇಟಿನೊಳಗೆ ಯಾರ ಮನೆ, ಆ ಮನೆಯ ಸೊಸೆ ಎಲ್ಲಿಯವಳು, ಯಾರಿಗೆ ಯಾರೊಡನೆ ಮಾತಿಲ್ಲ ಎಂಬುದೆಲ್ಲ ಅವರಿಗೆ ಸ್ಟಾಪುಗಳ ಹಾಗೆ ಬಾಯಿಪಾಠ. ಕಾರಿನ ಮುಂದಿನ ಸೀಟಿನಲ್ಲಿ ಕೂತು, ಹೊರಡುವಾಗ ಬಾಗಿಲಿಗೆ ಎರಡು ಸಲ ತಟ್ಟುತ್ತಿದ್ದರು. ತಟ್ಟದಿದ್ದರೆ ಕಾರು ಹೊರಡುವುದಿಲ್ಲ ಎಂದು ಅವರು ನಂಬಿದಂತಿತ್ತು. ಸ್ವಲ್ಪ ದಿನಕ್ಕೆ ಡ್ರೈವರೂ ನಂಬಿದ.

"ಮೊದಲು ಆಚೆ ಮನೆಗೆ ಹೋಗುವ" ಎನ್ನುತ್ತಿದ್ದರು. "ಇವರಲ್ಲಿ ಕಾರು ನಿಂತದ್ದು ಅವರ ಬಾವಿಕಟ್ಟೆಗೆ ಕಾಣ್ತದೆ. ಅವರಲ್ಲಿ ನಿಂತದ್ದು ಇವರಿಗೆ ಕಾಣುವುದಿಲ್ಲ." (ನಮ್ಮ ಮಾತೆಲ್ಲ ನಡೆಯುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅವರ ಖಾರ ಅರ್ಧ ಹೋಯಿತು.)

ಇಷ್ಟು ಹೇಳಿದ ಮೇಲೆ ನನ್ನ ವಿಚಾರಕ್ಕೆ ಬರಬೇಕು. ಉಜಿರೆಯಲ್ಲಿ ಡಿಗ್ರಿ ಮುಗಿಸಿ ಒಂದೆರಡು ವರ್ಷ ಕೆಲಸ ಮಾಡಿದ ನನಗೆ ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಅಂತಾರಾಷ್ಟ್ರೀಯ ಸಂಬಂಧಗಳ ಎಂ.ಎ.ಗೆ ಸೀಟು ಸಿಕ್ಕಿತ್ತು. ಅರ್ಜಿಯ ಜೊತೆಗಿನ ಪ್ರಬಂಧದಲ್ಲಿ, ಜನ ಯಾಕೆ ಜಗಳವಾಡುತ್ತಾರೆ, ಹೇಗೆ ರಾಜಿಯಾಗುತ್ತಾರೆ ಎಂಬ ಕುತೂಹಲ ನನಗೆ ಚಿಕ್ಕಂದಿನಿಂದಲೂ ಉಂಟು ಎಂದು ಬರೆದಿದ್ದೆ. ಕುತೂಹಲ ಇದ್ದದ್ದು ಹೌದು. ನಮ್ಮ ಕುಟುಂಬದ ದೊಡ್ಡ ಜಗಳಕ್ಕೆ ನಾನೇ ಕಾರಣ ಎಂಬುದನ್ನು ಪ್ರಬಂಧದಲ್ಲಿ ಬರೆದಿರಲಿಲ್ಲ.

ಹೋಗಲು ಬ್ಯಾಂಕಿನ ಸಾಲ ಬೇಕು, ಸಾಲಕ್ಕೆ ಜಾಗದ ಆಧಾರ ಬೇಕು. ನಮ್ಮ ಮನೆ ಆಗಲೇ ಕಟ್ಟಿಸಿದ ಸಾಲಕ್ಕೆ ಅಡವಿತ್ತು. ಉಳಿದದ್ದು ಅಜ್ಜಿಮನೆಯ ಗದ್ದೆಯಲ್ಲಿ ಅಮ್ಮನ ಪಾಲು. ಅದರ ಪಹಣಿಯಲ್ಲಿ ಅಮ್ಮನ ಹೆಸರಿನೊಟ್ಟಿಗೆ ಅವಳ ಅಣ್ಣ, ನನ್ನ ಶೀನಪ್ಪ ಮಾವನ ಹೆಸರೂ ಜಂಟಿಯಾಗಿತ್ತು. ಮಾವ ರುಜು ಹಾಕದೆ ಸಾಲವಿಲ್ಲ, ಸಾಲವಿಲ್ಲದೆ ಸ್ಕಾಟ್ಲೆಂಡಿಲ್ಲ. ಮೂಡಬಿದ್ರೆಯ ಹತ್ತಿರ ಇದ್ದ ಮಾವ ನಮ್ಮೊಡನೆ ಮಾತು ಬಿಟ್ಟು ಆರು ವರ್ಷವಾಗಿತ್ತು. ದೇಶ ದೇಶಗಳ ಸಂಬಂಧ ಓದಲು ಹೊರಟವನಿಗೆ ಸ್ವಂತ ಸೋದರಮಾವನ ಸಂಬಂಧವಿರಲಿಲ್ಲ.

ನಾನು ಓದಿದವನಲ್ಲವೇ, ಸ್ವತಃ ಮಾತುಕತೆಗೆ ಇಳಿದೆ. ಮಾವನಿಗೆ ವಾಟ್ಸಾಪಿನಲ್ಲಿ ಶುದ್ಧ ಕನ್ನಡದಲ್ಲಿ ಒಂದು ಪತ್ರ ಬರೆದೆ. ಒಂದು, ಹಿನ್ನೆಲೆ. ಎರಡು, ಉಭಯ ಕುಟುಂಬಗಳ ಸಮಾನ ಹಿತಾಸಕ್ತಿ. ಮೂರು, ರುಜುವಿನ ಅಗತ್ಯ ಮತ್ತು ಕೊನೆಯ ದಿನಾಂಕ. ನಾಲ್ಕು, ಯಾರ ಮನೆಯೂ ಅಲ್ಲದ, ಎರಡೂ ಮನೆಗಳಿಗೆ ಸಮದೂರದ ಗುರುವಾಯನಕೆರೆಯ ಒಂದು ಹೋಟೆಲಿನಲ್ಲಿ ಭೇಟಿ. ಮಾವ ಓದಿದ ಗುರುತು ನೀಲಿಯಾಗಿ ಬಿತ್ತು. ಉತ್ತರ ಬರಲಿಲ್ಲ. ಮೂರು ದಿನ ಕಾದು, ಇದು ಕಾರ್ಯತಂತ್ರದ ಮೌನ ಎಂದು ಅಮ್ಮನಿಗೆ ವಿವರಿಸಿದೆ.

"ಅದಕ್ಕೆ ನಮ್ಮಲ್ಲಿ ಸಿಟ್ಟು ಅಂತ ಹೇಳ್ತಾರೆ" ಎಂದಳು ಅಮ್ಮ. "ಸಂಜೀವಣ್ಣನ ಹತ್ರ ಹೋಗಿ ಕೇಳು."

ನರಿಕೊಂಬಿಗೆ ಹೋದೆ. ಸಂಜೀವಣ್ಣ ಅಂಗಳದಲ್ಲಿ ಕೂತು ಹಳೆಯ ಕೊಡೆಯೊಂದಕ್ಕೆ ಕಡ್ಡಿ ಹಾಕುತ್ತಿದ್ದರು. ನನ್ನ ಕೋರ್ಸಿನ ಬಗ್ಗೆ ಕೇಳಿದರು. ದೇಶಗಳು ಒಂದರೊಡನೊಂದು ಹೇಗೆ ನಡೆದುಕೊಳ್ಳುತ್ತವೆ ಎಂದು ಓದುವುದು ಎಂದೆ. "ಅಂದ್ರೆ ನಮ್ಮದೇ ಕೆಲಸ. ಇಲ್ಲಿ ಕಾರು, ಅಲ್ಲಿ ವಿಮಾನ" ಎಂದು ಸಮಾಧಾನಪಟ್ಟುಕೊಂಡು, ಮಾವನ ಸಂಗತಿಯನ್ನು ಮೊದಲಿನಿಂದ ಹೇಳಿಸಿದರು.

ಸಂಗತಿ ಇಷ್ಟೇ. ಕಕ್ಕಿಂಜೆಯಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ. ದೋಹಾದಲ್ಲಿದ್ದ ಅಪ್ಪನಿಗೆ ಸಿಕ್ಕಿದ್ದು ಹತ್ತೇ ದಿನದ ರಜೆ, ಎಲ್ಲವೂ ಗಡಿಬಿಡಿ. ಪಿಯುಸಿಯಲ್ಲಿದ್ದ ನನ್ನ ಕೈಗೆ ಒಂದಷ್ಟು ಕಾಗದ ಕೊಟ್ಟು, ಶನಿವಾರ ಅಮ್ಮನ ಜೊತೆ ಮಾವನಲ್ಲಿಗೆ ಹೋಗಿ ಕರೆಯಬೇಕು ಎಂದಿದ್ದರು. ಗುರುವಾರವೇ ಉಜಿರೆಯ ಬಸ್‌ಸ್ಟ್ಯಾಂಡಿನಲ್ಲಿ ಮಾವ ಸಿಕ್ಕಿದರು. ಮೂಡಬಿದ್ರೆಯವರೆಗೆ ಹೋಗುವ ಒಂದು ದಿನ ಉಳಿಯಿತಲ್ಲ ಎಂಬ ಖುಷಿಯಲ್ಲಿ ಅಲ್ಲೇ ಕೊಟ್ಟುಬಿಟ್ಟೆ. ಮನೆಗೆ ಬಂದು, ಮಾವನಿಗೆ ಹೇಳಿಕೆ ಆಯಿತು ಎಂದೆ. ಆ ಗಡಿಬಿಡಿಯಲ್ಲಿ ಹೇಗೆ ಎಂದು ಯಾರೂ ಕೇಳಲಿಲ್ಲ. ಮಾವ ಗೃಹಪ್ರವೇಶಕ್ಕೆ ಬರಲಿಲ್ಲ. ಇಡೀ ನೆಂಟರ ಎದುರು, ಅಣ್ಣನಿಲ್ಲದೆ ಅಮ್ಮ ಹಾಲು ಉಕ್ಕಿಸಿದಳು. ಅವಳಿಗೂ ಸಿಟ್ಟು ಬಂತು.

"ಕಾಗದ ಕೊಟ್ಟಾಗ ಅವರು ಕೂತಿದ್ರಾ, ನಿಂತಿದ್ರಾ?" ಸಂಜೀವಣ್ಣ ಕೇಳಿದರು.

ಬಸ್ಸಿನ ಮೆಟ್ಟಿಲಲ್ಲಿ ಒಂದು ಕಾಲಿಟ್ಟಿದ್ದರು ಎಂದೆ.

"ನೀನು ಎಂತ ಹೇಳಿದ್ದಿ?"

"ಮಾವ, ಇದು ಹಿಡ್ಕೊಳ್ಳಿ ಅಂದೆ."

ಸಂಜೀವಣ್ಣ ಕಣ್ಣು ಮುಚ್ಚಿಕೊಂಡರು. ಆಪ್ತರು ಯಾರೋ ತೀರಿದ ಸುದ್ದಿ ಕೇಳಿದಂತಿತ್ತು ಮುಖ. "ಅದು ಟಿಕೇಟು ಹರಿದು ಕೊಟ್ಟ ಹಾಗೆ ಆಯ್ತು ಮಾರಾಯ. ಅವರಿಗೆ ಹೇಳಿಕೆಯೇ ಆಗ್ಲಿಲ್ಲ. ಆಗದ ಹೇಳಿಕೆಗೆ ಅವರು ಬರುವುದು ಹೇಗೆ?" ಸ್ವಲ್ಪ ಹೊತ್ತು ಕೊಡೆಯನ್ನು ಬಿಡಿಸಿ ಮಡಚಿ ನೋಡಿದರು. ಆಮೇಲೆ, ಆ ಗೃಹಪ್ರವೇಶದ ಕಾಗದ ಮನೆಯಲ್ಲಿ ಒಂದಾದರೂ ಉಳಿದಿದೆಯೇ ಎಂದು ಕೇಳಿದರು. ಅಮ್ಮನ ಕಪಾಟಿನಲ್ಲಿ ಒಂದು ಕಟ್ಟೇ ಇತ್ತು.

"ಹಾಗಾದ್ರೆ ಎಂತ ಇಲ್ಲ. ಹೋಗಿ ಹೇಳುವ."

ಆರು ವರ್ಷ ಹಿಂದಿನ ಗೃಹಪ್ರವೇಶಕ್ಕೆ ಈಗ ಕರೆಯುವುದೇ? ನಾನು ನಕ್ಕೆ. ಅವರು ನಗಲಿಲ್ಲ. ಅಮ್ಮ ಮೊದಲು ಒಪ್ಪಲೇ ಇಲ್ಲ. ತಪ್ಪು ಮಾಡಿದವನು ನಾನು, ನಾನೇ ಹೋಗಲಿ ಎಂದಳು. ಹಿರಿಯರಿಲ್ಲದೆ ಹೋದರೆ ಅದು ಇನ್ನೊಂದು ಬಸ್‌ಸ್ಟ್ಯಾಂಡು ಎಂದು ಸಂಜೀವಣ್ಣ ಫೋನಿನಲ್ಲೇ ಅವಳನ್ನು ಹೊರಡಿಸಿದರು. ಶುಕ್ರವಾರ ಬೆಳಿಗ್ಗೆ ಮೂವರೂ ಕಾರು ಹತ್ತಿದೆವು. ಬ್ಯಾಂಕಿಗೆ ಕಾಗದಪತ್ರ ಕೊಡಲು ಬುಧವಾರ ಕೊನೆ. ನನ್ನ ಚೀಲದಲ್ಲಿ ಫೈಲು, ಫೈಲಿನಲ್ಲಿ ಪೆನ್ನು, ಅದು ನಿಂತರೆ ಎಂದು ಇನ್ನೊಂದು ಪೆನ್ನು.

ಮಾವನ ಗೇಟಿನ ಹತ್ತಿರ ಇಳಿಯುವಾಗ ಸಂಜೀವಣ್ಣ ಚೀಲವನ್ನು ನನ್ನ ಹೆಗಲಿನಿಂದ ತೆಗೆದು ಕಾರಿನೊಳಗೇ ಇಟ್ಟರು. ನಾನು ಬುಧವಾರದ ಮಾತೆತ್ತಿದೆ.

"ಇವತ್ತು ಆ ಕಾಗದ ತೆಗೆದ್ರೆ ಈ ಕಾಗದ ಲಂಚ ಆಗ್ತದೆ" ಎಂದರು. "ನೀನು ಒಳಗೆ ಬಾ, ಕೂತ್ಕೊ, ಕೊಟ್ಟದ್ದು ಕುಡಿ. ಬೇರೆ ಎಂತದೂ ಮಾಡ್ಬೇಡ. ನಿನಗೆ ಕಷ್ಟ ಆಗ್ತದೆ, ಗೊತ್ತುಂಟು."

ಕಷ್ಟವೇ ಆಯಿತು. ಮಾವ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಅವರಾಗಿ "ಬನ್ನಿ" ಎನ್ನುವವರೆಗೆ ಸಂಜೀವಣ್ಣ ನಮ್ಮಿಬ್ಬರನ್ನೂ ಅಂಗಳದಲ್ಲೇ ನಿಲ್ಲಿಸಿಕೊಂಡರು. ಅತ್ತೆ ಬೆಲ್ಲ, ನೀರು ತಂದಿಟ್ಟರು. ಅಮ್ಮ ಅಣ್ಣನ ಮುಖ ನೋಡದೆ ಅವರ ಮಂಡಿ ನೋಡುತ್ತಿದ್ದಳು. ಮಾವ ಪೇಪರಿನ ಅದೇ ಪುಟ ನೋಡುತ್ತಿದ್ದರು. ಸಂಜೀವಣ್ಣ ಅರ್ಧ ಗಂಟೆ ಯಾವುದೋ ಹಳೆಯ ಬಸ್ಸಿನ ಬ್ರೇಕು, ಯಾರದೋ ಮಂಡಿಯ ಆಪರೇಷನ್ನು, ಸಿದ್ಧಕಟ್ಟೆಯಲ್ಲಿ ಒಂದು ಆಡು ಟಿಕೇಟಿಲ್ಲದೆ ಬಂದದ್ದು, ಹೀಗೆ ಏನೇನೋ ಹೇಳಿದರು. ನನ್ನ ಕಾಲು ತಾನಾಗಿಯೇ ಕುಣಿಯುತ್ತಿತ್ತು. ಆಡಿನ ಕತೆಗೆ ಮಾವ ಪೇಪರು ಮಡಚಿದರು. ಆಗ ಸಂಜೀವಣ್ಣ ಅಮ್ಮನ ಕಡೆಗೆ ತಿರುಗಿ ತಲೆಯಾಡಿಸಿದರು.

ಅಮ್ಮ ಎದ್ದು, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, "ಅಣ್ಣ, ನಮ್ಮದು ಮನೆ ಒಕ್ಕಲು. ನೀನು, ಅತ್ತಿಗೆ, ಮಕ್ಕಳು, ಎಲ್ಲ ಬರ್ಬೇಕು" ಎಂದಳು.

ಮಾವ ಕನ್ನಡಕ ಹಾಕಿಕೊಂಡು ಮೇಲಿನ ದೇವರ ಹೆಸರಿನಿಂದ ಕೆಳಗಿನ ಪ್ರೆಸ್ಸಿನ ಹೆಸರಿನವರೆಗೂ ಓದಿದರು. "ಇದರ ತಾರೀಕು ಮುಗಿದು ಆರು ವರ್ಷ ಆಯ್ತು" ಎಂದರು, ಸಂಜೀವಣ್ಣನಿಗೆ.

"ಹೌದು ಶೀನಪ್ಪಣ್ಣ. ಹೇಳಿಕೆ ಇವತ್ತು ಬಂದದ್ದು."

ಅಲ್ಲಿ ಕೂತ ನಾನು ಮಾವ ನಗುತ್ತಾರೋ, ಕಾಗದ ಹರಿಯುತ್ತಾರೋ ತಿಳಿಯದೆ ಬೆಲ್ಲದ ತಟ್ಟೆ ಖಾಲಿ ಮಾಡಿದ್ದೆ. ಮಾವ ಕಾಗದವನ್ನು ಕವರಿನೊಳಗೆ ಹಾಕಿ, ಒಳಗೆ ಹೋಗಿ, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ ಬಂದರು. "ಆದಿತ್ಯವಾರ ನನಗೆ ಪುರುಸೊತ್ತುಂಟು" ಎಂದರು. ಈ ಸಲ ಹೇಳಿದ್ದು ಅಮ್ಮನಿಗೆ.

ಆದಿತ್ಯವಾರ ಸಂಜೀವಣ್ಣ ಬರಲಿಲ್ಲ. ತಾನಿದ್ದರೆ ಅಣ್ಣ ತಂಗಿ ಇಬ್ಬರೂ ತನ್ನೊಡನೆಯೇ ಮಾತಾಡಿಯಾರು ಎಂದರಂತೆ. ಅಮ್ಮ ಬೆಳಿಗ್ಗೆಯೇ ಗ್ಯಾಸಿನ ಮೇಲೆ ಮತ್ತೊಮ್ಮೆ ಹಾಲು ಉಕ್ಕಿಸಿದಳು. ಮಾವ ಅತ್ತೆಯೊಡನೆ ಬಂದು, ಬಣ್ಣ ಮಾಸಿ ಅಡುಗೆಮನೆಯ ಗೋಡೆ ಬಿರುಕು ಬಿಟ್ಟಿದ್ದ ನಮ್ಮ ಹೊಸ ಮನೆಯನ್ನು ಕೋಣೆ ಕೋಣೆ ನೋಡಿ, ಚೆಂದ ಆಗಿದೆ ಎಂದರು. ಪಾಯಸ ಎರಡು ಸಲ ಹಾಕಿಸಿಕೊಂಡರು. ಕೈ ತೊಳೆದು ಬಂದವರು ನನ್ನನ್ನು ಕರೆದರು. "ಆ ಫೈಲು ತಾ. ಎಷ್ಟು ಕಡೆ ಸೈನು?"

ನಿಮಗೆ ಯಾರು ಹೇಳಿದರು ಎಂದು ನಾನು ತೊದಲಿದೆ.

"ನೀನೇ ಬರ್ದಿದ್ದಿ ಅಲ್ವಾ, ನಂಬ್ರ ಹಾಕಿ. ಮೂರನೇದು."

ಹೀಗೆ ನಾನು ಸ್ಕಾಟ್ಲೆಂಡಿಗೆ ಹೋದೆ. ಅಲ್ಲಿ ಮುರಿದ ಸಂಬಂಧಗಳನ್ನು ರಾಷ್ಟ್ರಗಳು ಮರಳಿ ಜೋಡಿಸಿಕೊಳ್ಳುವುದರ ಬಗ್ಗೆ ಒಂದು ತರಗತಿ. ಪುಸ್ತಕ ಓದದೆ ಹೋಗಿದ್ದ ದಿನ ಪ್ರಾಧ್ಯಾಪಕರು ನನ್ನನ್ನೇ ಎಬ್ಬಿಸಿದರು. ಬೇರೆ ದಾರಿಯಿಲ್ಲದೆ ಮಾವನ ಮನೆಯ ಕತೆ ಹೇಳಿದೆ. ಅವರು ಪೆನ್ನು ತೆಗೆದು ಬರೆದುಕೊಳ್ಳಲು ಶುರು ಮಾಡಿದಾಗ ನನಗೆ ಧೈರ್ಯ ಬಂತು. ಆ ಕತೆಗೆ ಒಂದು ಉದ್ದದ ಹೆಸರು ಕೊಟ್ಟು, ನಲವತ್ತು ಅಡಿಟಿಪ್ಪಣಿ ಸೇರಿಸಿ, ಅದನ್ನೇ ಎಂ.ಎ.ಯ ಪ್ರಬಂಧ ಮಾಡಿದೆ. ಒಳ್ಳೆಯ ಅಂಕ ಬಂತು. ಅದರ ಮೇಲೆಯೇ ಪಿಎಚ್‌ಡಿಗೂ ಸೇರಿದೆ. ಎಂ.ಎ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಪ್ರಾಧ್ಯಾಪಕರು, ಗ್ರಂಥಾಲಯದವರು, ನನ್ನ ಕೋಣೆಯ ಹೀಟರು ರಿಪೇರಿ ಮಾಡಿದವನು, ಎಲ್ಲರೂ ಇದ್ದಾರೆ. ಸಂಜೀವಣ್ಣ ಇರುವುದು ಹದಿಮೂರನೆಯ ಪುಟದ ಅಡಿಯಲ್ಲಿ, 'ಒಬ್ಬ ಸ್ಥಳೀಯ ಮಾಹಿತಿದಾರ' ಎಂದು. ಹೆಸರು ಹಾಕಬಾರದೆಂಬ ಸಂಶೋಧನೆಯ ನಿಯಮ ಎಂದು ನನಗೆ ನಾನೇ ಹೇಳಿಕೊಂಡೆ. ನಿಯಮ ಇತ್ತೋ ಇಲ್ಲವೋ, ನೋಡಲು ಹೋಗಲಿಲ್ಲ.

ಕಳೆದ ವರ್ಷ ರಜೆಯಲ್ಲಿ ಬಂದಾಗ ಅವರನ್ನು ನೋಡಿದ್ದೇ ಕೊನೆ. ಸಕ್ಕರೆ ಕಾಯಿಲೆ ಹೆಚ್ಚಿ ಎದ್ದು ಓಡಾಡುವುದು ನಿಂತಿತ್ತು. ಅಷ್ಟೊಂದು ಮನೆಗಳ ಮರ್ಯಾದೆ ಕಾಪಾಡಿದ ದೇಹ. ಎಂತ ಕಲಿತೆ ಹೇಳು ಎಂದರು. ನಾನು ವಿಶ್ವಸಂಸ್ಥೆಯಿಂದ ಶುರು ಮಾಡಿ ನಿರ್ಬಂಧ, ಒಪ್ಪಂದ, ಶಕ್ತಿ ಸಮತೋಲನ ಎಂದು ಒಂದು ಗಂಟೆ ಮಾತಾಡಿದೆ. ಅವರು ಒಳ್ಳೆಯ ಪ್ರಯಾಣಿಕನಂತೆ ನಡುವೆ ಬಾಯಿ ಹಾಕದೆ ಕೇಳಿದರು.

"ಎರಡು ದೇಶ ಮಾತು ಬಿಟ್ರೆ ಮೊದಲು ಯಾರು ಹೋಗುವುದು?"

ಅದು ಎರಡೂ ಕಡೆಯ ಲಾಭ ನಷ್ಟದ ಮೇಲೆ ನಿಂತಿರುತ್ತದೆ, ಅದಕ್ಕೊಂದು ಸೂತ್ರವೇ ಇದೆ ಎಂದೆ.

"ಅದಲ್ಲ. ಹೋಗುವ ಜನ ಯಾರು? ಹೆಸರು ಎಂತ ಅವನದ್ದು?"

ನಾನು ಒಂದು ಸಮಿತಿಯ ಹೆಸರು ಹೇಳಿದೆ. ಅವರು ನನ್ನ ತೊಡೆಯ ಮೇಲೆ ಕೈಯಿಟ್ಟು ಬಹಳ ಮೆತ್ತಗೆ ಕೇಳಿದರು: "ಪಾಪ, ಇನ್ನು ಎಷ್ಟು ವರ್ಷ ಉಂಟು ನಿನ್ನ ಕೋರ್ಸು?" ಆಗಲಾದರೂ ಹದಿಮೂರನೆಯ ಪುಟದ ಸಂಗತಿ ಹೇಳಬಹುದಿತ್ತು. ಮುಂದಿನ ಸಲ ಹೇಳುವ ಎಂದುಕೊಂಡು ಎದ್ದೆ.

ಮುಂದಿನ ಸಲ ಬರಲಿಲ್ಲ. ಈ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಗ್ರಂಥಾಲಯದ ಮೆಟ್ಟಿಲಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದಾಗ ಮಾವನ ಫೋನು ಬಂತು. ಸಂಜೀವ ಹೋದ, ನಿನ್ನೆ ಎಂದರು. ಅಂತ್ಯಕ್ರಿಯೆಗೆ ಯಾರ್ಯಾರು ಬಂದಿದ್ದರು ಎಂದು ಕೇಳಿದೆ.

"ನಾನು, ನಿನ್ನ ಅಮ್ಮ. ಮೂಡಬಿದ್ರೆಯಿಂದ ಒಂದು ಬಸ್ಸು ಜನ ಬಂದಿದ್ರು" ಎಂದರು ಮಾವ.

"ಒಂದಲ್ಲ, ಎರಡು ಬಸ್ಸು" ಎಂದಿತು ಪಕ್ಕದಿಂದ ಅಮ್ಮನ ಧ್ವನಿ.

"ಎರಡನೇದು ಸಿದ್ಧಕಟ್ಟೆಯದ್ದು."

"ಸಿದ್ಧಕಟ್ಟೆಯವರು ಜೀಪಿನಲ್ಲಿ ಬಂದದ್ದು. ನೀನು ಆಗ ನೀರು ಕುಡೀಲಿಕ್ಕೆ ಹೋಗಿದ್ದಿ."

"ನಾನು ಎಲ್ಲಿಗೂ ಹೋಗ್ಲಿಲ್ಲ. ನೀನು ಅಳ್ತಾ ಇದ್ದಿ, ನಿನಗೆ ಬಸ್ಸು ಯಾವುದು ಜೀಪು ಯಾವುದು ಕಾಣ್ಲಿಕ್ಕುಂಟಾ?"

"ನೀನು ಅಳ್ಲಿಲ್ವಾ ಹಾಗಾದ್ರೆ?"

ನಾನು ಫೋನಿನಲ್ಲಿದ್ದೇನೆ ಎಂಬುದನ್ನು ಇಬ್ಬರೂ ಮರೆತಿದ್ದರು. ಹತ್ತು ನಿಮಿಷ ಜಗಳ ಹಾಗೆಯೇ ನಡೆಯಿತು. ರಾಜಿ ಮಾಡಿಸುವ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿರುವ ನಾನು, ಬ್ರೆಡ್ಡನ್ನು ಕೈಯಲ್ಲೇ ಹಿಡಿದುಕೊಂಡು, ಕೇಳುತ್ತ ಕೂತೆ.