ಆಪಾನ ಡಿಕ್ಷನರಿ

ಇಂಗ್ಲಿಷಿನವರಿಗೆ ಬೇರೆ ಕೆಲಸವಿರಲಿಲ್ಲವೇನೋ. ನಾವು 'ನೋಡು' ಎಂದು ಒಂದೇ ಮಾತಿನಲ್ಲಿ ಮುಗಿಸುವುದಕ್ಕೆ ಅವರು ಸೀ, ಲುಕ್, ವಾಚ್ ಎಂದು ಮೂರು ಮಾಡಿಟ್ಟಿದ್ದಾರೆ. ತಾನಾಗಿ ಕಣ್ಣಿಗೆ ಬಿದ್ದರೆ ಸೀ, ಕಣ್ಣು ಹೊರಳಿಸಿದರೆ ಲುಕ್, ಕೂತು ಟೀವಿ ನೋಡಿದರೆ ವಾಚ್. ನನ್ನ ಹಣೆಬರಹ, ಹತ್ತನೆಯದರಲ್ಲಿ ಉಳಿದದ್ದು ಈ ಇಂಗ್ಲಿಷ್ ಒಂದೇ. ಎರಡು ಸಲ ಬರೆದು ಎರಡು ಸಲವೂ ನಪಾಸಾಗಿದ್ದೆ.

ಗಡಿಯಾಚೆ ಮರಾಠಿ ರಾಜ್ಯಕ್ಕೆ ಸೇರಿದ ಜತ್ತ ತಾಲೂಕಿನ ನಮ್ಮೂರ ಅಂಗನವಾಡಿಯಲ್ಲಿ ನಾನು ಮದತನೀಸ, ಅಂದರೆ ಸಹಾಯಕಿ. ಮಕ್ಕಳ ಮೂಗು ಒರೆಸುತ್ತ, ಖಿಚಡಿ ಬೇಯಿಸುತ್ತ ವರ್ಷಗಳು ಹೋದವು. ಮೇಲಿನ ಜಾಗ ಬೇಕೆಂದರೆ ಮೊದಲು ಹತ್ತನೆಯದು ದಾಟಬೇಕು. ಈ ಸಲ ಆಗದಿದ್ದರೆ ಆ ಜಾಗ ಬೇರೆಯವರ ಪಾಲು.

ಪೇಟೆಯ ಗೈಡುಗಳೆಲ್ಲ ಮರಾಠಿ. ನಾನು ಓದಿದ್ದು ಕನ್ನಡ ಸಾಲಿಯಲ್ಲಿ. ಇಂಗ್ಲಿಷನ್ನು ಮರಾಠಿಗೆ, ಅಲ್ಲಿಂದ ಕನ್ನಡಕ್ಕೆ ಇಳಿಸುವಷ್ಟರಲ್ಲಿ ಎರಡು ಶಬ್ದ ಸೇರಿ ಒಂದಾಗಿಬಿಡುತ್ತಿದ್ದವು. ನನ್ನ ಗೋಳು ನೋಡಿ, ಪಕ್ಕದ ಮನೆಯಲ್ಲಿ ಹೊಲಿಗೆ ಮಾಡುವ ಆಪಾ, ವಿಜಯಪುರದ ತಮ್ಮ ತಂದುಕೊಟ್ಟಿದ್ದ ಇಂಗ್ಲಿಷ್-ಕನ್ನಡ ಡಿಕ್ಷನರಿಯನ್ನು ನನ್ನ ಕೈಗಿಟ್ಟರು.

"ತಗೋರಿ ಅಕ್ಕೋರ, ನಮ್ಮನ್ಯಾಗ ಬರೇ ಧೂಳ ತಿನ್ನಾಕತ್ತೈತಿ."

ಎರಡು ವರ್ಷ ಅದರ ಹಾಳೆ ಹಾಳೆಯಲ್ಲೂ ಪೆನ್ಸಿಲಿನಲ್ಲಿ ಬರೆದೆ. ಬಾರೋ ಎಂಬ ಇಂಗ್ಲಿಷ್ ಶಬ್ದದ ಎದುರು, 'ಹೆಪ್ಪಿಗೆ ಮಜ್ಜಿಗಿ ನಾ ಇಸ್ಕೊಂಡೆ.' ಲೆಂಡ್ ಎದುರು, 'ಆಪಾ ಕೊಟ್ರು, ತಿರುಗಿ ಕೊಡಬೇಕು.' ಗಿವ್ ಎದುರು, 'ಕೊಟ್ರು, ಮುಗೀತು.'

ಪರೀಕ್ಷೆಗೆ ಒಂದು ತಿಂಗಳಿರುವಾಗ ಆಪಾ ಬಾಗಿಲಿಗೆ ಬಂದರು. ಒಳಗೂ ಬರಲಿಲ್ಲ.

"ಆ ಪುಸ್ತಕ ಜರಾ ಬೇಕಾಗಿತ್ರಿ."

"ಯಾರಿಗ್ರಿ ಆಪಾ?"

"ಹಂಗ… ಬೇಕಾಗಿತ್ತು."

ಮೈಯೆಲ್ಲ ಉರಿದುಹೋಯಿತು. ಅಂದು 'ತಗೋರಿ' ಅಂದದ್ದು ಕೊಟ್ಟದ್ದೋ, ಎರವೋ? ನಮ್ಮ ಕಡೆ 'ತಿರುಗಿ ಕೊಡ್ರಿ' ಎಂದು ಬಾಯಿಬಿಟ್ಟು ಯಾರು ಹೇಳುತ್ತಾರೆ? ಹೇಳಿದರೆ ಸಣ್ಣತನ. 'ಯಾವಾಗ ಕೊಡಲಿ' ಎಂದು ಕೇಳಿದರೆ ಇನ್ನೂ ಸಣ್ಣತನ. ಲೆಂಡ್, ಗಿವ್ ಎಂದು ಬೇರೆ ಬೇರೆ ಇಟ್ಟವರೇ ಶಾಣ್ಯಾರು ಎಂದು ಅವತ್ತು ಮೊದಲ ಸಲ ಅನ್ನಿಸಿತು.

ನಮ್ಮ ಓಣಿಯಲ್ಲಿ ಒಬ್ಬರ ಡಬ್ಬಿ ಬರಿದಾಗಿ ತಿರುಗಿ ಹೋಗುವುದಿಲ್ಲ. ಆಪಾ ರಂಜಾನಿಗೆ ಸುರಕುಂಬಾ ಪಾಯಸ ಕಳಿಸಿದ ಡಬ್ಬಿಯಲ್ಲಿ ನಾನು ಶೇಂಗಾ ಹೋಳಿಗೆ ಹಾಕುತ್ತೇನೆ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಬರಿದು ಕೊಟ್ಟರೆ ಸಂಬಂಧ ಹರಿಯಿತೆಂದೇ ಲೆಕ್ಕ. ಪುಸ್ತಕದ ಜೊತೆಗೂ ಒಂದು ತುಂಡು ಬೆಲ್ಲ ಕೊಡಬಹುದಿತ್ತು. ಬೇಕೆಂದೇ ಕೊಡಲಿಲ್ಲ. "ತಗೋರಿ ನಿಮ್ಮದು" ಎಂದು ಕೈಗೆ ತುರುಕಿದೆ. ಆಪಾ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದರು. ಆ ತಿಂಗಳೆಲ್ಲ ಮಾತಿಲ್ಲ, ಕತೆಯಿಲ್ಲ.

ಪರೀಕ್ಷೆಯ ದಿನ ಜತ್ತದ ಕೇಂದ್ರದ ಗೇಟಿನಲ್ಲಿ, ಮಕ್ಕಳ ಗದ್ದಲದ ನಡುವೆ, ಹಾಲ್ ಟಿಕೆಟ್ ಹಿಡಿದು ಆಪಾ ನಿಂತಿದ್ದರು!

"ಅಯ್ಯ, ನೀವೂ ಫಾರ್ಮ್ ತುಂಬೀರೇನ್ರಿ? ಒಂದ್ ಮಾತ ಹೇಳಬಾರದಾಗಿತ್ತೇನು?"

"ಹೆಂಗ್ ಹೇಳ್ಲಿ? ನಪಾಸಾದ್ರ ಓಣಿಗೆ ಓಣೀನ ನಗತೈತಿ."

ಸಿಟ್ಟೆಲ್ಲ ನನ್ನ ಮೇಲೆಯೇ ತಿರುಗಿತು. ಒಂದೇ ಪುಸ್ತಕದ ಮುಂದೆ ಇಬ್ಬರೂ ಕೂರಬಹುದಿತ್ತಲ್ಲ, ಹುಚ್ಚಿ!

"ಬರೇ ಪುಸ್ತಕ ಕೊಟ್ಟೆ ಆಪಾ. ತಪ್ಪಾತು."

"ನನಗೂ ಭಾಳ ಸಿಟ್ಟ್ ಬಂದಿತ್ರಿ. ಆಮ್ಯಾಲೆ ತೆಗೆದು ನೋಡಿದ್ರ ತುಂಬೆಲ್ಲಾ ನೀವು ಬರದದ್ದ. ಅದನ್ನ ಓದಿ ಬಂದೀನಿ."

ಫಲಿತಾಂಶ ಬಂತು. ಆಪಾ ಪಾಸು. ನಾನು ಮತ್ತೆ ನಪಾಸು. ನನ್ನ ಬರಹ ಓದಿದವರು ದಾಟಿದರು, ಬರೆದವಳು ಅಲ್ಲೇ ಉಳಿದೆ. ಆ ಜಾಗಕ್ಕೆ ಬೇರೆ ಊರಿನ ಹುಡುಗಿ ಬಂದಳು. ಎರಡು ದಿನ ಅಂಗನವಾಡಿಯ ಖಿಚಡಿ ತಳ ಹತ್ತಿತು.

ಮೂರನೆಯ ದಿನ ಆಪಾ ಬಂದರು. ಕೈಯಲ್ಲಿ ಡಿಕ್ಷನರಿ, ಅದರ ಮೇಲೆ ಒಂದು ಬಟ್ಟಲು ಸಕ್ಕರೆ.

"ಲೆಂಡ್ ಅಲ್ರಿ ಅಕ್ಕೋರ, ಗಿವ್," ಅಂದರು. "ಕುಂದ್ರಿ, ಈ ಸಲ ನಾ ಕೇಳತೀನಿ, ನೀವು ಹೇಳ್ರಿ."

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಸಿಟ್ಟಿನಲ್ಲಿಯೇ ಒಂದು ಹಿಡಿ ಸಕ್ಕರೆ ಬಾಯಿಗೆ ಹಾಕಿಕೊಂಡು ಚಾಪೆ ಹಾಸಿದೆ.