ಲೈಬ್ರರಿ ಬಾಯಾರ ಶನಿವಾರಗಳು

ನಿಂತಾಗ, ನಡೆಯುವಾಗ, ಮಾತಾಡುವಾಗ ಕೂಡ ಬಾಯಾರ ತಲೆ ಬಲಕ್ಕೆ ಒಂದಿಷ್ಟು ವಾಲಿರುತ್ತಿತ್ತು. ಹೊಸದಾಗಿ ನೋಡಿದವರು ಕುತ್ತಿಗೆ ನೋವೇನೋ ಎಂದುಕೊಳ್ಳುತ್ತಿದ್ದರು. ಕಪಾಟಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ಪುಸ್ತಕಗಳ ಬೆನ್ನಿನ ಮೇಲೆ ಉದ್ದಕ್ಕೆ ಅಚ್ಚಾದ ಹೆಸರುಗಳನ್ನು ಮೂವತ್ತು ವರ್ಷ ಓದಿ ಓದಿ ಆ ಕುತ್ತಿಗೆ ಹಾಗೆಯೇ ನಿಂತುಬಿಟ್ಟಿತ್ತು. ಗೋಕಾಕದ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿಯೂ ನನಗೆ ಅವರ ಗುರುತು ಹತ್ತುತ್ತಿದ್ದದ್ದು ಆ ವಾಲಿದ ತಲೆಯಿಂದಲೇ.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಬಾಯಾರು ಎನ್ನುತ್ತೇವೆ. ಅವರು ಎಂದೂ ಸಾಲಿ ಕಲಿಸಿದವರಲ್ಲ, ಗೋಕಾಕದ ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಆದರೂ ಓದಲು ಬರುತ್ತಿದ್ದವರೆಲ್ಲ ಲೈಬ್ರರಿ ಬಾಯಾರು ಎಂದೇ ಕರೆದರು, ನಾನೂ ಹಾಗೆಯೇ ಕರೆದೆ. ಕಣಗಲಾ ಕಡೆಯ ಜೈನರ ಮನೆಯ ಮಗಳು. ಮನೆಮಾತು ಮರಾಠಿ, ಓಣಿಯ ಮಾತು ಕನ್ನಡ. ಮದುವೆಯಾಗಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಅವರ ಕೆಲಸದ ಒಂದು ರೂಢಿಯನ್ನು ಗೋಕಾಕದ ಹಳೆಯ ಓದುಗರು ಈಗಲೂ ನೆನೆಯುತ್ತಾರೆ. ಯಾವುದಾದರೂ ಪುಸ್ತಕದಲ್ಲಿ ಹಾಳೆ ಹರಿದು ಹೋಗಿದ್ದರೆ ಬಾಯಾರು ಅದೇ ಪುಸ್ತಕದ ಇನ್ನೊಂದು ಪ್ರತಿಯನ್ನು ಹುಡುಕುತ್ತಿದ್ದರು. ಹುಕ್ಕೇರಿಗೆ ಹೋಗಬೇಕಾದರೂ ಸರಿ, ಬೆಳಗಾವಿಗೆ ಹೋಗಬೇಕಾದರೂ ಸರಿ. ಕಳೆದುಹೋದ ಪುಟಗಳನ್ನು ಕೈಯಿಂದ ಬರೆದುಕೊಂಡು ಬಂದು, ಅಂಟಿಸಿ, ಆಮೇಲೆ ಪುಸ್ತಕವನ್ನು ಕಪಾಟಿಗೆ ಸೇರಿಸುತ್ತಿದ್ದರು. ಆ ಊರಿನ ಎಷ್ಟೋ ಮಂದಿ ಕಾದಂಬರಿಗಳ ಕೊನೆಯ ಅಧ್ಯಾಯವನ್ನು ಬಾಯಾರ ದುಂಡನೆಯ ಅಕ್ಷರದಲ್ಲಿಯೇ ಓದಿದ್ದಾರೆ.

ನಾನು ಅವರನ್ನು ಕಂಡಾಗ ನನ್ನ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಮೂಡಲಗಿಯ ಹೈಸ್ಕೂಲಿಗೆ ವರ್ಗವಾಗಿ ಬಂದು ಅಲ್ಲಿಯೇ ಒಂದು ಖೋಲಿ ಹಿಡಿದಿದ್ದೆ. ಮನೆ ಹುಕ್ಕೇರಿಯಲ್ಲಿ, ಅತ್ತೆ ಮತ್ತು ಮೈದುನನ ಸಂಸಾರದ ಜೊತೆ. ಅವರು ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೆ ಶನಿವಾರ ನಾನು ಒಳಗೆ ಕಾಲಿಟ್ಟ ಕೂಡಲೇ ಯಾರೋ ಒಬ್ಬರು ಸಾವಿನ ಮನೆಯಲ್ಲಿ ಮಾಡುವ ಹಾಗೆ ಟಿವಿಯ ದನಿ ಸಣ್ಣದು ಮಾಡುತ್ತಿದ್ದರು. ನನಗೆ ಅದನ್ನು ತಾಳಲಾಗುತ್ತಿರಲಿಲ್ಲ.

ಒಮ್ಮೆ ಗೋಕಾಕದ ಕಾಲೇಜೊಂದರ ಗ್ರಂಥಾಲಯದಲ್ಲಿ ಒಂದು ದಿನದ ತರಬೇತಿಗೆ ನಮ್ಮ ಸಾಲಿಯಿಂದ ನನ್ನನ್ನು ಕಳಿಸಿದರು. ಧಾರವಾಡದಿಂದ ಕೆಲವು ಸ್ವಯಂಸೇವಕರು ಬಂದಿದ್ದರು. ಲೇಖಕರ ಹಕ್ಕಿನ ಅವಧಿ ಮುಗಿದ ಹಳೆಯ ಪುಸ್ತಕಗಳನ್ನು ಗ್ರಂಥಾಲಯಗಳಿಂದ ಪಡೆದು, ಪುಟಪುಟದ ಚಿತ್ರ ತೆಗೆದು, ಅಕ್ಷರಕ್ಕೆ ಇಳಿಸಿ, ಎಲ್ಲರೂ ಪುಕ್ಕಟೆ ಓದುವ ಹಾಗೆ ಅಂತರಜಾಲದ ಮುಕ್ತ ಗ್ರಂಥಭಂಡಾರದಲ್ಲಿ ಇಡುವ ಕೆಲಸ ಅವರದು. ಊಟವಾದ ಮೇಲೆ ಪ್ರಮಾಣಪತ್ರ ಹಿಡಿದು ಬಹಳ ಮಂದಿ ಎದ್ದು ಹೋದರು. ಕೊನೆಗೆ ಉಳಿದ ನಾಲ್ಕೈದು ಜನರಲ್ಲಿ ಬಾಯಾರು ಒಬ್ಬರು. ಅವರ ತೊಡೆಯ ಮೇಲೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಗಂಟಿತ್ತು.

ಒಳಗಿದ್ದದ್ದು ರಟ್ಟು ಕಿತ್ತುಹೋದ, ಅಂಚೆಲ್ಲ ಗೆದ್ದಲು ತಿಂದ ಒಂದು ಪುಸ್ತಕ. ನಮ್ಮ ಭಾಗದ ಹಳ್ಳಿಗಳಲ್ಲಿ ಹೆಂಗಸರು ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಹಾಡುಗಳನ್ನು, ನಮ್ಮ ಮಾತಿನಲ್ಲಿ ಪದಗಳನ್ನು, ಹಿಂದೊಬ್ಬ ಸಾಲಿ ಮಾಸ್ತರರು ಮನೆಮನೆಗೆ ಹೋಗಿ ಬರೆದುಕೊಂಡು ಅಚ್ಚು ಹಾಕಿಸಿದ್ದರು. ರದ್ದಿಗೆ ಹಾಕುವ ಪಟ್ಟಿಯಲ್ಲಿ ಅದು ಸೇರಿದಾಗ ಬಾಯಾರು ಮೇಲಿನವರಿಗೆ ಅರ್ಜಿ ಬರೆದು, ಅದನ್ನು ಪಟ್ಟಿಯಿಂದ ತೆಗೆಸಿ, ಬೇರೆ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಈಗಿನ ಗ್ರಂಥಪಾಲಕರಿಗೆ ಸಹಿ ಮಾಡಿಕೊಟ್ಟು ಆ ದಿನ ತಂದಿದ್ದರು. ಇನ್ನೊಂದು ಪ್ರತಿಯನ್ನು ಅವರು ಎಲ್ಲಿಯೂ ಕಂಡಿರಲಿಲ್ಲ.

ಧಾರವಾಡದವರು ಪುಸ್ತಕ ನೋಡಿ ಹಿಗ್ಗಿದರು. ಆದರೆ ಹಕ್ಕು ಮುಗಿಯಬೇಕಾದರೆ ಬರೆದವರು ತೀರಿ ಅರವತ್ತು ವರ್ಷ ಆಗಿರಬೇಕು, ಆ ವರ್ಷ ಗೊತ್ತಿದೆಯೇ ಎಂದು ಕೇಳಿದರು. ಬಾಯಾರಿಗೆ ಗೊತ್ತಿರಲಿಲ್ಲ. ಅವರು ನನ್ನ ಕಡೆ ತಿರುಗಿದರು.

"ಟೀಚರ, ನೀವು ಹುಕ್ಕೇರಿಯವರು ಅಂದ್ರಿ. ಈ ಮಾಸ್ತರ ಮನಿ ಮಂದಿ ನಿಮ್ಮ ಕಡೇನ ಯಮಕನಮರಡಿಯೊಳಗ ಅದಾರಂತ. ಬರತೀರೇನು ನನ್ನ ಕೂಡ?"

ಮುಂದಿನ ಭಾನುವಾರ ಹೋದೆವು. ಮಾಸ್ತರರ ಮೊಮ್ಮಗ ಹೆದ್ದಾರಿಯ ಬಾಜೂ ಟಯರಿನ ಅಂಗಡಿ ಇಟ್ಟಿದ್ದರು. ಅಜ್ಜ ಒಂದು ಪುಸ್ತಕ ಬರೆದಿದ್ದರೆಂಬುದೇ ಅವರಿಗೆ ಹೊಸ ಸುದ್ದಿ. ಚಹಾ ತರಿಸಿ, ಎಲ್ಲ ಕೇಳಿಸಿಕೊಂಡು, "ಹಾಕ್ರಿ ಬಾಯಾರ, ಯಾರು ಬ್ಯಾಡ ಅಂತಾರ?" ಎಂದರು.

"ನೀವೊಬ್ಬರ ಏನ್ರಿ ಮೊಮ್ಮಗ?" ಎಂದು ಬಾಯಾರು ಕೇಳಿದರು.

"ಇಲ್ರಿ, ಹನ್ನೊಂದು ಮಂದಿ ಅದೀವಿ. ಪುಣೆ, ಇಚಲಕರಂಜಿ, ಮತ್ತ ಇಬ್ಬರು ಎಲ್ಲಿ ಅದಾರೋ ಗೊತ್ತಿಲ್ಲ."

"ಹಂಗಾದ್ರ ನೀವೊಬ್ಬರ ಹೂಂ ಅಂದ್ರ ಆಗೂದಿಲ್ರಿ. ನಿಮ್ಮ ಅಜ್ಜ ತೀರಿದ ವರ್ಷ ಹೇಳ್ರಿ, ಸಾಕು."

ವರ್ಷ ಯಾರಿಗೂ ನೆನಪಿರಲಿಲ್ಲ. ಕೊನೆಗೆ ಮನೆಯ ಅಟ್ಟದ ಮೇಲಿದ್ದ ಮಾಸ್ತರರ ಫೋಟೋ ಕೆಳಗಿಳಿಸಿ ಧೂಳು ಒರೆಸಿದೆವು. ಕೆಳಗೆ ಜನನ ಮರಣ ಎರಡನ್ನೂ ಬಣ್ಣದಲ್ಲಿ ಬರೆಸಿದ್ದರು. ಬಾಯಾರು ಬೆರಳು ಮಡಚಿ ಎಣಿಸಿದರು. ಅರವತ್ತು ವರ್ಷ ತುಂಬಿ ಹೊಸ ವರ್ಷ ಹುಟ್ಟಿದ ಮೇಲೆಯೇ ಹಕ್ಕು ಮುಗಿಯುವುದು, ಅದಕ್ಕೆ ಇನ್ನೂ ಹದಿನಾಲ್ಕು ತಿಂಗಳು ಬೇಕಿತ್ತು.

ಬಸ್ಸಿನಲ್ಲಿ ನಾನು ಹೇಳಿದೆ, ಯಾರು ನೋಡಬೇಕು, ಈಗಲೇ ಶುರು ಮಾಡೋಣ, ಪುಸ್ತಕ ದಿನದಿನಕ್ಕೆ ಪುಡಿಯಾಗುತ್ತಿದೆ ಎಂದು. ಅವರು ಕಿಟಕಿಯ ಹೊರಗೆ ನೋಡುತ್ತ ಹೇಳಿದರು, "ಮಂದಿ ಬಂದು ಓದೂ ಜಾಗಾ ಅದು. ಅಲ್ಲಿ ತುಡುಗು ಮಾಡಿ ತಂದದ್ದು ಇಡಬಾರದು. ಇಷ್ಟು ವರ್ಷ ಕಪಾಟಿನ್ಯಾಗ ಕುಂತೈತಿ, ಇನ್ನೊಂದು ವರ್ಷ ಕುಂದರತೈತಿ."

ಆ ಹದಿನಾಲ್ಕು ತಿಂಗಳಲ್ಲಿ ನಾನು ಶನಿವಾರ ಗೋಕಾಕದಲ್ಲಿ ಇಳಿಯುವುದನ್ನು ರೂಢಿ ಮಾಡಿಕೊಂಡೆ. ಮುಂಜಾನೆಯ ಸಾಲಿ ಮುಗಿಸಿ ಮೂಡಲಗಿಯಿಂದ ಬಸ್ ಹತ್ತಿ, ಅವರ ಎರಡು ಖೋಲಿಯ ಬಾಡಿಗೆ ಮನೆಗೆ ಹೋಗಿ, ಸಂಜೆಯ ಬಸ್ಸಿಗೆ ಹುಕ್ಕೇರಿಗೆ ಹೊರಡುತ್ತಿದ್ದೆ. ಅವರ ಮನೆಯಲ್ಲಿ ಟಿವಿ ಇರಲಿಲ್ಲ. ರೊಟ್ಟಿ, ಹೆಸರಕಾಳ ಪಲ್ಯ ಮಾಡಿಟ್ಟಿರುತ್ತಿದ್ದರು. ಜೈನರ ರೂಢಿಯಂತೆ ಹೊತ್ತು ಮುಳುಗುವ ಮೊದಲೇ ತಮ್ಮ ಊಟ ಮುಗಿಸಬೇಕಾದ್ದರಿಂದ ನನ್ನನ್ನೂ ಆಗಲೇ ಕೂಡಿಸುತ್ತಿದ್ದರು. ಇಬ್ಬರೂ ಬಹಳ ಮಾತಾಡುತ್ತಿರಲಿಲ್ಲ. ಒಂದು ಸಲ ಮಾತ್ರ, ಗಂಗಾಳ ಎತ್ತುತ್ತ, "ನೀವು ಬಂದ ದಿನ ಎರಡು ಗಂಗಾಳ ತೊಳೀತೇನಿ. ಉಳಿದ ದಿನ ಒಂದ," ಎಂದರು. ಮೂಡಲಗಿಯ ನನ್ನ ಖೋಲಿಯಲ್ಲಿಯೂ ಒಂದೇ ಇತ್ತು.

ಕಾಯುವ ಕಾಲ ಮುಗಿಯಲು ಎರಡು ತಿಂಗಳಿರುವಾಗ ಬಾಯಾರಿಗೆ ಲಕ್ವಾ ಹೊಡೆಯಿತು. ಬೆಳಗಾವಿಯ ಆಸ್ಪತ್ರೆಯಲ್ಲಿ ಹದಿನೈದು ದಿನ ಇದ್ದು ಬಂದರು. ಕೈಕಾಲಿಗೆ ಮೊದಲಿನ ಶಕ್ತಿ ಇರದಿದ್ದರೂ ಗೋಡೆ ಹಿಡಿದು ನಡೆಯುತ್ತಿದ್ದರು, ಮಾತೂ ಸರಿಯಾಗಿತ್ತು. ನಾನು ದೇವರು ದೊಡ್ಡವನು ಅಂದುಕೊಂಡೆ. ಆಗ ಅವರು ದಿನಪತ್ರಿಕೆಯನ್ನು ಎತ್ತಿ ನನ್ನ ಮುಂದೆ ಹಿಡಿದರು.

"ತಂಗಿ, ಕಣ್ಣು ಛಲೋ ಅದಾವ. ನಿನ್ನ ಮಾರಿ ಕಾಣತೈತಿ, ಗೋಡಿ ಕಾಣತೈತಿ. ಇದು ಓದಾಕ ಬರವಲ್ದು. ಇರಿವಿ ಸಾಲು ಕಂಡಂಗ ಕಾಣತೈತಿ, ಅಕ್ಷರ ಅನಸೂದಿಲ್ಲ."

ಅವರು ನನಗೆ ತಂಗಿ ಎಂದದ್ದು, ನೀನು ಎಂದದ್ದು ಅದೇ ಮೊದಲು. ಮಿದುಳಿನಲ್ಲಿ ಓದಿಗೆ ಸೇರಿದ ಜಾಗಕ್ಕೆ ಪೆಟ್ಟಾಗಿದೆ, ತಿರುಗಿ ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರಂತೆ. ನನಗೆ ಅಳು ಬಂತು. ಯಮಕನಮರಡಿಯಿಂದ ಬಂದ ದಿನವೇ ಶುರು ಮಾಡಿದ್ದರೆ ಅವರು ಆ ಪುಸ್ತಕವನ್ನು ತಮ್ಮ ಕಣ್ಣಿಂದ ಮುಗಿಸುತ್ತಿದ್ದರು ಎಂದು ಅಂದೇಬಿಟ್ಟೆ. ಅವರು ಪತ್ರಿಕೆಯನ್ನು ಮಡಚಿಟ್ಟು, "ಇನ್ನ ಎಷ್ಟು ದಿನ ಉಳಿದಾವ?" ಎಂದು ಕೇಳಿದರು.

ಹೊಸ ವರ್ಷ ಹುಟ್ಟಿದ ವಾರವೇ ಧಾರವಾಡದವರು ಬಂದು ಪುಟಗಳ ಚಿತ್ರ ತೆಗೆದರು. ಕಂಪ್ಯೂಟರು ಆ ಚಿತ್ರ ನೋಡಿ ತಾನೇ ಅಕ್ಷರ ಹಾಕಿಕೊಡುತ್ತದೆ, ಆದರೆ ಹಳೆಯ ಅಚ್ಚಾದ್ದರಿಂದ ಪ್ರತಿ ಸಾಲಿನಲ್ಲಿ ಮೂರು ತಪ್ಪು. ಪ್ರತಿ ಪುಟವನ್ನು ಒಬ್ಬರು ತಿದ್ದಬೇಕು, ಬೇರೆ ಒಬ್ಬರು ತಮ್ಮ ಖಾತೆಯಿಂದ ಬಂದು ನೋಡಿ ಸರಿ ಎಂದು ಒತ್ತಬೇಕು. ಅದು ಅಲ್ಲಿಯ ನಿಯಮ, ಅಲ್ಲಿಯವರೆಗೆ ಪುಟ ಓದಲು ಸಿಕ್ಕರೂ ಎರಡನೆಯವರ ಜಾಗ ಖಾಲಿ ಇರುತ್ತದೆ. ಆ ಎರಡನೆಯವರು ಬಾಯಾರು ಆಗುವುದೆಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು, ತರಬೇತಿಯ ದಿನವೇ ಅವರ ಖಾತೆಯನ್ನೂ ತೆರೆದಾಗಿತ್ತು. ನಿಮ್ಮ ಪರವಾಗಿ ನಾನೇ ಒತ್ತುತ್ತೇನೆ ಎಂದೆ.

"ನೋಡದ ನೋಡೀನಿ ಅಂತ ಹೆಂಗ ಒತ್ತತಿ? ಅದು ಇರಲಿ. ನೀ ಓದು, ನಾ ಕೇಳತೇನಿ."

ವಾರವಿಡೀ ಮೂಡಲಗಿಯಲ್ಲಿ ತಿದ್ದಿದ ಪುಟಗಳನ್ನು ನಾನು ಶನಿವಾರ ಅವರ ಮುಂದೆ ಕೂತು ಜೋರಾಗಿ ಓದತೊಡಗಿದೆ. ಅವರು ಬೀಸುಕಲ್ಲಿನ ಮುಂದೆ ಕೂತವರ ಹಾಗೆ ಒಂದು ಕಾಲು ಚಾಚಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಮೂರು ಸಾಲಿನ ಪದದಲ್ಲಿ ಒಂದಕ್ಷರ ಕಡಿಮೆಯಾದರೂ ಅವರ ಕೈ ಮೇಲೆ ಏಳುತ್ತಿತ್ತು. "ನಿಂದರು. ಇಲ್ಲಿ ಕಲ್ಲು ತಿರುಗೂದಿಲ್ಲ." ಪುಟದ ಚಿತ್ರ ತೆಗೆದು ನೋಡಿದರೆ ಗೆದ್ದಲು ತಿಂದ ಜಾಗದಲ್ಲಿ ಅರ್ಧ ಅಕ್ಷರ ಉಳಿದಿರುತ್ತಿತ್ತು.

ಒಂದು ಶನಿವಾರ ತವರಿನ ಪದವೊಂದರಲ್ಲಿ "ಹಾಲಿನ ಹರಿವು" ಎಂದು ಓದಿಕೊಂಡು ಮುಂದೆ ಹೋದೆ. ಕೈ ಎದ್ದಿತು.

"ಹರಿವು ಅಲ್ಲ. ಹರವಿ. ಮಣ್ಣಿನ ಹರವಿ ತುಂಬ ಹಾಲು ಇಟ್ಟಾಳ ಅವರವ್ವ, ಮಗಳು ಬರತಾಳಂತ."

ಚಿತ್ರ ನೋಡಿದೆ. ಹರವಿಯೇ ಇತ್ತು. ಕಂಪ್ಯೂಟರು ಹರಿವು ಮಾಡಿತ್ತು, ನನ್ನ ಕಣ್ಣು ಅದರ ಮೇಲೆ ಜಾರಿ ಹೋಗಿತ್ತು.

"ಓದಾಕ ಚಂದ ಐತಿ ಅಂತ ಬಿಟ್ಟಿ ನೀ," ಎಂದರು ಬಾಯಾರು. ಸಿಟ್ಟಿರಲಿಲ್ಲ. ಚಾಚಿದ ಕಾಲು ಮಡಚಿಕೊಂಡು, "ನಮ್ಮ ಊರಾಗ ಮಗ್ಗಲ ಮನಿ ಹೆಂಗಸು ಇದನ್ನ ಹಾಡತಿದ್ಲು. ನಮ್ಮವ್ವಗ ಕನ್ನಡ ಪದ ಬರತಿದ್ದಿಲ್ಲ. ನಾ ಗೋಡಿಗೆ ಕಿವಿ ಹಚ್ಚಿ ಮಲಗತಿದ್ದೆ," ಎಂದರು. ಅವರು ತಮ್ಮ ಬಗ್ಗೆ ಹೇಳಿಕೊಂಡದ್ದು ಇಷ್ಟೇ.

ಹೀಗೆ ಏಳು ತಿಂಗಳು ನಡೆಯಿತು. ನೂರ ಹದಿನೆಂಟನೆಯ ಪುಟದವರೆಗೆ ಬಂದೆವು. ಉಳಿದದ್ದು ಇಪ್ಪತ್ತಮೂರು ಪುಟ. ಆ ವಾರ ನಾನು ಐದು ಪುಟ ತಿದ್ದಿಕೊಂಡು, ಮೂಡಲಗಿ ಸಂತೆಯಲ್ಲಿ ಅವರಿಗೆ ಇಷ್ಟವಾದ ಎಳೆ ಸೌತೆಕಾಯಿ ಕೊಂಡು, ಗೋಕಾಕದಲ್ಲಿ ಇಳಿದೆ. ಮನೆಗೆ ಬೀಗ ಹಾಕಿತ್ತು. ಮತ್ತೆ ಆಸ್ಪತ್ರೆಗೆ ಹೋದರೇನೋ ಎಂದು ಬಾಜೂ ಮನೆಯ ಕದ ತಟ್ಟಿದೆ. ಆ ಮನೆಯ ಹೆಣ್ಣುಮಗಳು ಹೊರಗೆ ಬಂದು ನನ್ನನ್ನು ನೋಡಿ ಸೆರಗು ಸರಿಪಡಿಸಿಕೊಂಡಳು.

"ಮಂಗಳವಾರ ಹೋದ್ರಲ್ರಿ ಬಾಯಾರು. ಮುಂಜಾನೆ ಎಬ್ಬಸಾಕ ಹೋದ್ರ ಏಳಲಿಲ್ಲ. ಅವರ ತಮ್ಮ ಕೊಲ್ಲಾಪುರದಿಂದ ಬಂದು ಎಲ್ಲಾ ಮಾಡಿ ಹೋದ್ರು. ನೀವು ಶನಿವಾರಕ್ಕೊಮ್ಮೆ ಬರತಿದ್ರಿ, ನಮಗ ಗೊತ್ತೈತಿ. ಖರೆ ನಿಮ್ಮ ಹೆಸರು ಏನು, ಊರು ಯಾವುದು, ಯಾರಿಗೂ ಗೊತ್ತಿರಲಿಲ್ಲ. ಫೋನ ಹಚ್ಚೂನಂದ್ರ ಅವರ ಫೋನಿನ್ಯಾಗ ಯಾವ ಹೆಸರು ನಿಮ್ಮದು ಅಂತ ತಿಳೀಲಿಲ್ಲ."

ನಾನು ಕಟ್ಟೆಯ ಮೇಲೆ ಕೂತೆ. ಮಂಗಳವಾರ ನಾನು ಒಂಬತ್ತನೆಯ ತರಗತಿಗೆ ಪಾಠ ಮಾಡಿ, ಸಂಜೆ ಖೋಲಿಗೆ ಬಂದು, ಅವರಿಗೆ ಓದಿ ಹೇಳಬೇಕೆಂದು ಎರಡು ಪುಟ ತಿದ್ದಿದ್ದೆ. ಆಕೆ ನೀರು ತಂದು ಕೊಟ್ಟಳು.

"ನೀವು ಅವರಿಗೆ ಏನಾಗಬೇಕ್ರಿ?"

ಬಂಧುವಲ್ಲ, ಒಂದೇ ಜಾತಿಯಲ್ಲ, ಒಂದೇ ಊರಲ್ಲ, ಜೊತೆ ಕೆಲಸ ಮಾಡಿದವಳೂ ಅಲ್ಲ. "ಮೂಡಲಗಿ ಸಾಲಿಯಾಗ ಟೀಚರ ಅದೀನ್ರಿ," ಎಂದೆ. ಆಕೆ ಹೂಂ ಎಂದಳು. ಸೌತೆಕಾಯಿಯನ್ನು ಆಕೆಯ ಕೈಗೆ ಕೊಟ್ಟು ಬಸ್ ಸ್ಟ್ಯಾಂಡಿಗೆ ಬಂದೆ. ಹುಕ್ಕೇರಿಯ ಬಸ್ ಎರಡು ಬಂದು ಹೋದವು. ಮೂರನೆಯದಕ್ಕೆ ಹತ್ತಿದೆ.

ಉಳಿದ ಪುಟಗಳನ್ನು ನಾನು ಆರು ವಾರದಲ್ಲಿ ಮುಗಿಸಿದೆ. ಮೂಡಲಗಿಯ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಒಂದೊಂದು ಪದವನ್ನೂ ಜೋರಾಗಿ ಓದಿದೆ. ಕೆಲವು ಕಡೆ ತಡವರಿಸಿ ನಿಂತೆ. ಎಲ್ಲಿಯೂ ತಡೆಯದೆ ಚಂದವಾಗಿ ಓದಿಸಿಕೊಂಡು ಹೋದ ಪದಗಳ ಬಗ್ಗೆಯೇ ನನಗೆ ಹೆಚ್ಚು ಅಂಜಿಕೆ. ಅಲ್ಲಿ ಎಷ್ಟು ಹರವಿಗಳು ಹರಿವು ಆಗಿ ಕೂತಿವೆಯೋ ನನಗೆ ತಿಳಿಯದು.

ಪುಸ್ತಕ ಈಗ ಮುಕ್ತ ಗ್ರಂಥಭಂಡಾರದಲ್ಲಿ ಇದೆ. ಮುಂಬಯಿಯಿಂದ, ಸೊಲ್ಲಾಪುರದಿಂದ ಓದಿದವರು ನನ್ನ ಖಾತೆಗೆ ಮೆಚ್ಚುಗೆ ಬರೆದಿದ್ದಾರೆ. ಅಲ್ಲಿಯ ದಾಖಲೆಯ ಪ್ರಕಾರ ಮೊದಲ ಪುಟದಿಂದ ಕೊನೆಯ ಪುಟದವರೆಗೂ ಓದಿ ತಿದ್ದಿದವಳು ನಾನೊಬ್ಬಳೇ, ಎರಡನೆಯವರ ಜಾಗ ಎಲ್ಲ ಪುಟಗಳಲ್ಲೂ ಖಾಲಿ. ಬಾಯಾರ ಖಾತೆಯ ಹೆಸರಿನ ಕೆಳಗೆ ಒಂದೂ ಕೆಲಸ ಇಲ್ಲ. ಅದು ನನ್ನನ್ನು ಬಹಳ ದಿನ ಕಾಡಿತು. ಕೊನೆಗೆ ಒಂದು ಶನಿವಾರ, ಗೋಕಾಕದಲ್ಲಿ ಇಳಿಯದೆ ನೇರವಾಗಿ ಹುಕ್ಕೇರಿಗೆ ಹೋಗಿ, ಆ ಪುಸ್ತಕದ ಬಗ್ಗೆ ಯಾರು ಬೇಕಾದರೂ ಟಿಪ್ಪಣಿ ಬರೆಯಬಹುದಾದ ಚರ್ಚೆಯ ಪುಟವನ್ನು ತೆರೆದು ಹೀಗೆ ಬರೆದೆ:

"ಒಂದರಿಂದ ನೂರ ಹದಿನೆಂಟರವರೆಗಿನ ಪುಟಗಳನ್ನು ಇಬ್ಬರು ನೋಡಿದ್ದಾರೆ. ಎರಡನೆಯವರು ಗೋಕಾಕದಲ್ಲಿ ಗ್ರಂಥಪಾಲಕರಾಗಿದ್ದವರು. ಓದುವ ಶಕ್ತಿ ಹೋದ ಮೇಲೆ ಅವರು ಈ ಪದಗಳನ್ನು ಕೇಳಿ ತಿದ್ದಿಸಿದರು. ಈ ಪುಸ್ತಕ ಉಳಿದಿರುವುದೇ ಅವರಿಂದ. ನೂರ ಹತ್ತೊಂಬತ್ತರಿಂದ ಮುಂದಿನದನ್ನು ನಾನೊಬ್ಬಳೇ ಓದಿದ್ದೇನೆ, ಕೇಳುವವರು ಇರಲಿಲ್ಲ. ಬಲ್ಲವರು ನೋಡಬೇಕು."