ಕುಂತೆ ಎಂದು ಬಂದ ಮೆಸೇಜು

ಇದು ನಡೆದದ್ದು. ಕಥೆ ಕಟ್ಟುವಷ್ಟು ತಾಳ್ಮೆ ನನಗಿಲ್ಲ. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು ನಾನು, ಇದ್ದದ್ದನ್ನು ಇದ್ದ ಹಾಗೆ ನಕಲು ತೆಗೆದು ಕೊಡುವುದೇ ನನ್ನ ಕೆಲಸ. ನಂಬದವರು ಅಂಗಡಿಗೆ ಬಂದರೆ ಫೋನ್ ತೆಗೆದು ತೋರಿಸುತ್ತೇನೆ. ಆ ಎರಡು ಮೆಸೇಜುಗಳನ್ನು ಇನ್ನೂ ಅಳಿಸಿಲ್ಲ.

ಬೈಕಿನಿಂದ ಬಿದ್ದು ನನ್ನ ಬಲತೊಡೆಯ ಎಲುಬು ಮುರಿದಿತ್ತು. ಮೊದಲನೇ ಆಪರೇಷನ್ ಆದ ಮೇಲೂ ಅದು ಕೂಡಲಿಲ್ಲ. ಎರಡನೇ ಸಲ ತೆರೆದು, ಸೊಂಟದಿಂದ ಎಲುಬಿನ ಚೂರು ತೆಗೆದು ತುಂಬಿ, ಹೊಸ ರಾಡು ಹಾಕಿದರು. ಮೂರು ತಿಂಗಳು ಬಲಗಾಲು ನೆಲಕ್ಕೆ ಊರುವಂತಿರಲಿಲ್ಲ. ಈ ನಡುವೆ ಒಮ್ಮೆ ಬಿದ್ದರೆ ಆ ಕಾಲಿನ ಆಸೆ ಬಿಡಬೇಕು ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು.

ನಮ್ಮ ಮನೆ ಶರಣಸಿರಸಗಿಯ ಹೊಸ ಲೇಔಟಿನಲ್ಲಿದೆ. ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಹೆಂಡತಿ ಸವಿತಾ ನರ್ಸು, ಆಗ ಅವಳಿಗೆ ರಾತ್ರಿ ಪಾಳಿ. ಸಂಜೆ ಏಳಕ್ಕೆ ಅವಳು ಹೊರಟರೆ ಬೆಳಿಗ್ಗೆ ಎಂಟರವರೆಗೆ ನಾನು, ನನ್ನ ಕಾಲು, ಮತ್ತು ಆ ನೋವು. ಹಗಲು ಬಂದವರೆಲ್ಲ ಬಿಸ್ಕೀಟ್ ಪೊಟ್ಟಣ ಕೊಟ್ಟು, ತಲೆ ತಿಂದು ಹೋಗುತ್ತಿದ್ದರು. ರಾತ್ರಿ ಎರಡು ಗಂಟೆಗೆ ಹೊದಿಕೆಯ ಭಾರವನ್ನೂ ಕಾಲು ತಡೆಯದಾದಾಗ ಅವರಲ್ಲಿ ಯಾರಿಗೆ ಹೇಳುವುದು?

ಹೇಳಿಕೊಳ್ಳಲು ಸಿಕ್ಕವರು ಫೋನಿನಲ್ಲಿ ಸಿಕ್ಕರು. ಕಾಲಿನ ಆಪರೇಷನ್ ಆದವರದೇ ಒಂದು ವಾಟ್ಸಾಪ್ ಗುಂಪು, ಬೇರೆ ಬೇರೆ ಊರಿನ ಹನ್ನೊಂದು ಜನ. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆದರೆ ನಿಜ ಹೇಳುತ್ತೇನೆ, ಆ ಹತ್ತು ಜನ ಇರದಿದ್ದರೆ ನನಗೆ ಆ ಮೂರು ತಿಂಗಳಲ್ಲಿ ಹುಚ್ಚು ಹಿಡಿಯುತ್ತಿತ್ತು.

ಗುಂಪಿನಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ರಾತ್ರಿ ಬಚ್ಚಲಿಗೆ ಹೋಗುವಾಗಲೇ ಹೆಚ್ಚಿನವರು ಬೀಳುವುದು. ಅದಕ್ಕೇ ಹಾಸಿಗೆ ಬಿಟ್ಟು ಏಳುವ ಮುಂಚೆ 'ಎದ್ದೆ' ಎಂದು ಹಾಕಬೇಕು. ತಿರುಗಿ ಬಂದು ಕುಳಿತ ಮೇಲೆ 'ಕುಂತೆ'. ದಿನಾ ಒಬ್ಬರದು ಎಚ್ಚರ ಇರುವ ಪಾಳಿ. ಹದಿನೈದು ನಿಮಿಷವಾದರೂ 'ಕುಂತೆ' ಬರದಿದ್ದರೆ ಪಾಳಿಯವರು ಅವರ ಮನೆಯವರಿಗೆ ಫೋನ್ ಮಾಡಿ ಎಬ್ಬಿಸಬೇಕು. ಎಲ್ಲರ ಮನೆಯವರ ನಂಬರೂ ಎಲ್ಲರ ಬಳಿ ಇತ್ತು.

ಇನ್ನೊಂದು ಪದ್ಧತಿ, ವಾಕರಿನದು. ವಾಸಿಯಾದವರು ತಮ್ಮ ವಾಕರನ್ನು ಮುಂದಿನವರ ಊರಿಗೆ ಬಸ್ಸಿನಲ್ಲಿ ಹಾಕಿ ಕಳಿಸುತ್ತಿದ್ದರು. ನನ್ನದು ನಾಲ್ಕು ಜನರ ಕೈ ದಾಟಿ ಬೀದರಿನಿಂದ ಬಂದಿತ್ತು. ಅದರ ಒಂದು ಕಾಲಿಗೆ ರಬ್ಬರು ಇರಲಿಲ್ಲ. ಹೆಜ್ಜೆ ಇಟ್ಟಾಗಲೆಲ್ಲ ಧಪ್... ಟಕ್. ಧಪ್... ಟಕ್. ಸವಿತಾ ಹೊಸ ರಬ್ಬರು ತರುತ್ತೇನೆಂದರೆ ನಾನೇ ಬೇಡವೆಂದಿದ್ದೆ, ಆ ಸಪ್ಪಳ ರೂಢಿಯಾಗಿತ್ತು.

ಗುಂಪಿನಲ್ಲಿ ನನಗೆ ಹತ್ತಿರದವಳೆಂದರೆ ಕಮಲಾಪುರದ ಗುರುಬಾಯಿ ಅಕ್ಕ. ಅಲ್ಲಿಯ ಸಂತೆಯಲ್ಲಿ ಕೆಂಪು ಬಾಳೆಹಣ್ಣು ಮಾರುವವಳು, ಸೊಂಟದ ಹತ್ತಿರ ಪ್ಲೇಟು ಹಾಕಿಸಿಕೊಂಡಿದ್ದಳು. ಮಗಳ ಜೊತೆ ಇರುತ್ತಿದ್ದಳು. ಓದು ಬರಹ ಬಾರದು, ಮೊಮ್ಮಗಳಿಂದ ಆ ಎರಡು ಶಬ್ದ ಮಾತ್ರ ಒತ್ತಲು ಕಲಿತಿದ್ದಳು. ಆದರೆ 'ಕುಂತೆ' ಒತ್ತಿದ ಮೇಲೆ ಒಂದು ವಾಯ್ಸ್ ಮೆಸೇಜು ತಪ್ಪದೆ ಬರುತ್ತಿತ್ತು: "ಕುಂತೆ ನೋಡೋ ತಮ್ಮಾ. ಇನ್ನ ನೀ ಮಕ್ಕೊ." ಅದನ್ನು ಕೇಳಿದ ಮೇಲೆಯೇ ನನಗೆ ಕಣ್ಣು ಹತ್ತುತ್ತಿತ್ತು. ಓದು ಬಾರದ ಅವಳಿಗಾಗಿ ನಾನೂ ಬಚ್ಚಲಿನಿಂದ ತಿರುಗಿ ಬರುತ್ತ ವಾಯ್ಸ್ ಮೆಸೇಜು ಹಾಕುತ್ತಿದ್ದೆ, ಅದರಲ್ಲಿ ವಾಕರಿನ ಸಪ್ಪಳವೂ ಹೋಗುತ್ತಿತ್ತು.

ಆ ರಾತ್ರಿ ನನ್ನ ಪಾಳಿ.

ಎರಡು ಗಂಟೆ ದಾಟಿ ಹತ್ತು ನಿಮಿಷಕ್ಕೆ ಗುರುಬಾಯಿ ಅಕ್ಕನ 'ಎದ್ದೆ' ಬಂತು. ಹೊರಗೆ ಖಾಲಿ ಸೈಟಿನಲ್ಲಿ ನಾಯಿಗಳು ಒಂದೇ ಸಮನೆ ಬೊಗಳುತ್ತಿದ್ದವು. ಹತ್ತು ನಿಮಿಷವಾಯಿತು... ಹನ್ನೆರಡಾಯಿತು. ಅವಳಿಗೆ ಫೋನ್ ಮಾಡಿದೆ. ರಿಂಗ್ ಹೋಗಿ ಹೋಗಿ ನಿಂತಿತು. ಮತ್ತೆ ಮಾಡಿದೆ. ಎತ್ತಲಿಲ್ಲ. ನಾಯಿಗಳು ಒಮ್ಮೆಲೇ ಸುಮ್ಮನಾದವು.

ಅವಳ ಮಗಳ ನಂಬರು ಹುಡುಕಿ ತೆಗೆದೆ. ಒತ್ತಬೇಕು, ಅಷ್ಟರಲ್ಲಿ ಮೂಗಿಗೆ ಒಂದು ವಾಸನೆ ಬಡಿಯಿತು... ಹಣ್ಣಾದ ಬಾಳೆಯ ವಾಸನೆ, ದಟ್ಟವಾಗಿ, ಯಾರೋ ಗೊನೆಯನ್ನೇ ತಂದು ಕೋಣೆಯಲ್ಲಿಟ್ಟ ಹಾಗೆ. ಮನೆಯಲ್ಲಿ ಒಂದು ಹಣ್ಣೂ ಇರಲಿಲ್ಲ.

ಎರಡು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಫೋನ್ ಕುಂಯ್ ಎಂದಿತು. ಗುರುಬಾಯಿ ಅಕ್ಕ. 'ಕುಂತೆ.'

ಹೋದ ಜೀವ ಬಂದಂತಾಯಿತು. ವಾಯ್ಸ್ ಮೆಸೇಜಿಗಾಗಿ ಕಾದೆ. ಬರಲಿಲ್ಲ. ಪಾಪ, ದಣಿದಿರಬೇಕು ಎಂದುಕೊಂಡೆ. ಮಾತ್ರೆಯ ಮಂಪರು ಬೇರೆ ಎಳೆಯುತ್ತಿತ್ತು. ಮಗಳ ನಂಬರನ್ನು ಹಾಗೇ ಬಿಟ್ಟು ಮಲಗಿಬಿಟ್ಟೆ. ನನ್ನ ತಪ್ಪು ಅದು. ಇವತ್ತಿಗೂ ಅದಕ್ಕೆ ನಾನು ಬೇರೆ ಹೆಸರು ಕೊಡುವುದಿಲ್ಲ.

ಬೆಳಿಗ್ಗೆ ಸವಿತಾ ಬಂದು ಎಬ್ಬಿಸಿದಾಗ ಅವಳ ದನಿಯಲ್ಲಿ ಸಿಟ್ಟಿತ್ತು.

"ವಾಕರ್ ಯಾಕ ಬಾಗಿಲ ಹತ್ರ ಅದ? ಅಲ್ಲಿಂದ ಹಾಸಿಗಿಗಿ ಹ್ಯಾಂಗ ಬಂದ್ರಿ? ಕಾಲ ಊರಿದ್ರೇನು?"

"ನಾ ಎದ್ದೇ ಇಲ್ಲ. ನೀನೇ ಸರಿಸಿರಬೇಕು."

"ನಾ ಈಗ ಒಳಗ ಕಾಲಿಟ್ಟೀನ್ರಿ!" ಎಂದವಳು ಮೂಗು ಅರಳಿಸಿದಳು. "ಬಾಳಿಹಣ್ಣ ಯಾರ ತಂದಾರ?"

ನಾನು ಫೋನ್ ಕೈಗೆತ್ತಿಕೊಂಡೆ. ಗುಂಪಿನಲ್ಲಿ ಗುರುಬಾಯಿ ಅಕ್ಕನ ಮಗಳ ವಾಯ್ಸ್ ಮೆಸೇಜು ಬಂದು ಕುಳಿತಿತ್ತು. ಅಳುತ್ತಲೇ ಮಾತಾಡಿದ್ದಳು.

"ಅವ್ವ ರಾತ್ರಿ ಹಿತ್ತಲದಾಗ ಬಿದ್ದಾಳ್ರಿ... ಐದೂವರಿಗಿ ನೋಡೀವಿ. ಮೈಯೆಲ್ಲ ತಣ್ಣಗಾಗಿತ್ತು. ಕಲಬುರಗಿ ದವಾಖಾನಿಗಿ ಕರ್ಕೊಂಡ ಹೊಂಟೀವ್ರಿ."

ಮೂರು ತಾಸಿಗಿಂತ ಹೆಚ್ಚು ಹೊತ್ತು ಅವಳು ಹಿತ್ತಲಿನಲ್ಲಿದ್ದಳು. ನಾನು ಇಲ್ಲಿ ಗೊರಕೆ ಹೊಡೆಯುತ್ತಿದ್ದೆ.

ಮರುದಿನ ಸವಿತಾ ಬೇಡವೆಂದರೂ ಕೇಳದೆ ಆಟೋ ಹತ್ತಿ ಆಸ್ಪತ್ರೆಗೆ ಹೋದೆ. ಅಕ್ಕನನ್ನು ಮೊದಲ ಸಲ ಕಂಡದ್ದು ಅಲ್ಲಿ. ಚಿಕ್ಕ ದೇಹ, ದೊಡ್ಡ ಕುಂಕುಮ. ವಾರ್ಡಿನ ಬಾಗಿಲಿನಿಂದ ಅವಳ ಮಂಚದವರೆಗೆ ನಾನು ಧಪ್... ಟಕ್ ಎಂದು ಬರುವುದನ್ನು ಅವಳು ಕಣ್ಣು ಮುಚ್ಚಿ ಕೇಳಿದಳು.

"ಅಕ್ಕಾ, ನಂದು ತಪ್ಪಾತು" ಎಂದೆ. "ಫೋನ್ ಮಾಡಬೇಕಿತ್ತು. 'ಕುಂತೆ' ಅಂತ ಬಂತು, ನಂಬಿಬಿಟ್ಟೆ."

"ನಾ ಏನೂ ಹಾಕಿಲ್ಲೋ ತಮ್ಮಾ. ಕೊರಳಾಗ ಹಾಕ್ಕೊಳ್ಳೋ ಫೋನಿನ ಚೀಲಾ ಮರ್ತು ಹೋಗಿದ್ದೆ. ಫೋನು ಮಂಚದ ಮ್ಯಾಲೇ ಇತ್ತು."

"ಮತ್ತ ಯಾರು?"

ಅವಳು ನನ್ನನ್ನೇ ನೋಡಿದಳು. ದನಿ ಇಳಿಸಿದಳು.

"ಬಿದ್ದೆ. ಒದರಾಕ ಹೋದ್ರ ದನಿನೇ ಬರ್ಲಿಲ್ಲ. ಕತ್ತಲಾಗ ವಾಕರ್ ಸಪ್ಪಳ ಬರಾಕತ್ತಿತು... ಧಪ್, ಟಕ್. ನಿನ್ನ ಮೆಸೇಜಿನಾಗ ದಿನಾ ಕೇಳ್ತೀನಿ, ನಂಗ ಗೊತ್ತಾಗಲ್ದೇನು? ಬಗಲಾಗ ಕೈ ಹಾಕಿ ಎಬ್ಬಿಸಿ, ಗ್ವಾಡಿಗಿ ಒರಗಿಸಿ ಕುಂಡ್ರಿಸಿದಿ. ಹಿಮ್ಮಡದ ಬುಡಕ ಚೀಲ ಮಡಚಿ ಇಟ್ಟಿ. ಮಾರಿ ಕಾಣಲಿಲ್ಲ ಖರೆ... ನೀ ಅಲ್ಲೇನೋ?"

ಮಗಳು ಪಕ್ಕದಲ್ಲೇ ನಿಂತಿದ್ದಳು. ಅವ್ವ ಸಿಕ್ಕಿದ್ದು ಹಾಗೆಯೇ ಎಂದು ತಲೆಯಾಡಿಸಿದಳು. ಗೋಡೆಗೆ ಒರಗಿ, ಕಾಲು ನೇರ ಚಾಚಿ, ಹಿಮ್ಮಡಿಯ ಕೆಳಗೆ ಮಡಚಿದ ಗೋಣಿಚೀಲ. ಪ್ಲೇಟು ಒಂದಿಷ್ಟೂ ಅಲುಗಿರಲಿಲ್ಲ. ಎತ್ತಿ ಕೂರಿಸಿದವರು ಕೆಲಸ ಬಲ್ಲವರು ಎಂದು ಡಾಕ್ಟರು ಹೇಳಿದರಂತೆ.

ನಮ್ಮ ಮನೆಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಆಗ ನಾನು ಬಚ್ಚಲಿಗೆ ಹೋಗಲಿಕ್ಕೇ ಬೆವರುತ್ತಿದ್ದೆ. ವಾಕರಿನ ಹಿಡಿಕೆ ಮೂಸಿ ನೋಡಿದೆ. ಬಾಳೆಯ ವಾಸನೆ ಇನ್ನೂ ಹೋಗಿರಲಿಲ್ಲ.

ಅದು ಯಾವುದಿದ್ದರೂ ಅಕ್ಕನನ್ನು ಎತ್ತಿ ಕೂರಿಸಿತು, ಅದಕ್ಕೆ ಕೈ ಮುಗಿಯಬೇಕು. ಆದರೆ ಅದೇ ನನಗೆ 'ಕುಂತೆ' ಎಂದು ಹೇಳಿ ಮಲಗಿಸಿತು. ಆ ಮೆಸೇಜು ಬರದೆ ಇದ್ದಿದ್ದರೆ ಐದು ನಿಮಿಷದಲ್ಲಿ ಮಗಳು ಎದ್ದು ಬರುತ್ತಿದ್ದಳು. ಕೈ ಮುಗಿಯಬೇಕೋ ಹೆದರಬೇಕೋ ನನಗೆ ಈವರೆಗೂ ಗೊತ್ತಾಗಿಲ್ಲ.

ಈಗ ಅಕ್ಕ ಸಂತೆಗೆ ಹೋಗುತ್ತಾಳೆ. ನಾನೂ ಕೋಲು ಹಿಡಿದು ಅಂಗಡಿಗೆ ಬರುತ್ತೇನೆ. ವಾಕರನ್ನು ಮಾತ್ರ ಮುಂದಿನವರಿಗೆ ಕಳಿಸಲು ಮನಸ್ಸಾಗಿಲ್ಲ. ಹಗ್ಗ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಗುಂಪನ್ನೂ ಬಿಟ್ಟಿಲ್ಲ. ನನ್ನ ಪಾಳಿಯಲ್ಲಿ 'ಕುಂತೆ' ಬಂದರೂ ಫೋನ್ ಮಾಡಿ ದನಿ ಕೇಳುತ್ತೇನೆ. ಕೆಲವರು ಬೈಯುತ್ತಾರೆ, ಬೈಯಲಿ.

ಹೋದ ವಾರ ಒಂದು ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಅಕ್ಕನ ವಾಯ್ಸ್ ಮೆಸೇಜು.

"ತಮ್ಮಾ... ರಾತ್ರಿ ಯಾರನ್ನ ಕುಂಡ್ರಿಸಿ ಬಂದಿ?"

ಮೇಲಕ್ಕೆ ಸರಿಸಿ ನೋಡಿದೆ. ಅದೇ ಎರಡು ಗಂಟೆ ಇಪ್ಪತ್ತೈದು ನಿಮಿಷಕ್ಕೆ ನನ್ನ ನಂಬರಿನಿಂದ ಒಂದೇ ಶಬ್ದ ಹೋಗಿತ್ತು. 'ಕುಂತೆ.' ಅದಕ್ಕೆ ಮುಂಚೆ 'ಎದ್ದೆ' ಇರಲಿಲ್ಲ. ನನ್ನದೂ ಇರಲಿಲ್ಲ, ಯಾರದೂ ಇರಲಿಲ್ಲ. ರಾತ್ರಿಯೆಲ್ಲ ನಾನು ಮಲಗಿದ್ದೆ, ಫೋನ್ ದಿಂಬಿನ ಕೆಳಗಿತ್ತು. ಅಟ್ಟದ ಕಡೆ ಕತ್ತೆತ್ತಿ ನೋಡುವ ಧೈರ್ಯವಾಗಲಿಲ್ಲ.

ಒಬ್ಬೊಬ್ಬರಿಗೇ ಫೋನ್ ಹಚ್ಚಿದೆ. ಬೀದರಿನಿಂದ ಹಿಡಿದು ಹುಬ್ಬಳ್ಳಿಯವರೆಗೆ ಹತ್ತೂ ಜನ ದನಿ ಕೊಟ್ಟರು. ಯಾರೂ ಬಿದ್ದಿರಲಿಲ್ಲ, ಎಲ್ಲರೂ ಅವರವರ ಹಾಸಿಗೆಯಲ್ಲೇ ಇದ್ದರು. ಸಮಾಧಾನ ಆಗಬೇಕಿತ್ತು. ಆಗಲಿಲ್ಲ.

ಎಲ್ಲೋ ಯಾರೋ ಒಬ್ಬರು ಗೋಡೆಗೆ ಒರಗಿ, ಕಾಲು ಚಾಚಿ ಕುಂತಿದ್ದಾರೆ. ಅವರ ಮನೆಯವರ ನಂಬರು ನನ್ನ ಬಳಿ ಇಲ್ಲ.